ಬಂದೂಕಿಲ್ಲದ ಗುಂಡಿನಾಟ

2021ರ ಜನವರಿ 26ರಂದು ಬೆಂಗಳೂರಿನ ಎನ್‌ಕೋರ್ ಗೇಮ್ಸ್ ಸಂಸ್ಥೆ ‘ಫೌ-ಜಿ’ ಎಂಬ ಮೊಬೈಲ್ ಆಟವನ್ನು ಬಿಡುಗಡೆ ಮಾಡಿತು. ಮನೆಮಾತಾಗಿದ್ದ ಗುಂಡಿನಾಟ ಪಬ್‌ಜಿ ದೇಶದಲ್ಲಿ ನಿಷೇಧವಾಗಿ ಆಗಲೇ ಐದು ತಿಂಗಳಾಗುತ್ತ ಬಂದಿತ್ತು. ನಲವತ್ತು ಲಕ್ಷಕ್ಕೂ ಹೆಚ್ಚು ಮಂದಿ ಮೊದಲೇ ಹೆಸರು ನೋಂದಾಯಿಸಿ ಕಾಯುತ್ತಿದ್ದರು. ಆಟ ಫೋನಿಗಿಳಿಯಿತು, ಪರದೆಯ ಮೇಲೆ ಲಡಾಖಿನ ಹಿಮದ ಕಣಿವೆ ತೆರೆದುಕೊಂಡಿತು, ಯೋಧನೊಬ್ಬ ಎದ್ದು ನಿಂತ. ಅವನ ಕೈಯಲ್ಲಿ ಬಂದೂಕಿರಲಿಲ್ಲ.

ಹೊಡೆದರೆ ಮುಷ್ಟಿಯಿಂದ ಹೊಡೆಯಬೇಕು, ಇಲ್ಲವೇ ಶತ್ರುವಿನ ಕೈಯಿಂದ ಬಿದ್ದ ದೊಣ್ಣೆ ಎತ್ತಿಕೊಳ್ಳಬೇಕು. ಜೀವ ಕಡಿಮೆಯಾದರೆ ದಾರಿಯಲ್ಲಿ ಉರಿಯುವ ಬೆಂಕಿಯ ಪಕ್ಕ ಕೂತು ಚೇತರಿಸಿಕೊಳ್ಳಬೇಕು. ಗುಂಡು, ಸ್ಕೋಪ್, ಪ್ಯಾರಾಚೂಟ್ ಯಾವುದೂ ಇಲ್ಲ. ಕೆಲವೇ ದಿನಗಳಲ್ಲಿ ಪ್ಲೇ ಸ್ಟೋರಿನಲ್ಲಿ ಅದರ ಅಂಕ ಐದಕ್ಕೆ ಮೂರರ ಆಸುಪಾಸಿಗೆ ಬಂದು ಬಿತ್ತು. ಪಬ್‌ಜಿಗೆ ಬದಲಿ ಬರುತ್ತದೆಂದು ನಂಬಿ ಕೂತವರಿಗೆ ಇದು ಮದುವೆ ಊಟಕ್ಕೆ ಕರೆದು ಉಪ್ಪಿಟ್ಟು ಬಡಿಸಿದಂತಾಗಿತ್ತು.

ಆ ಸಿಟ್ಟು ಸುಳ್ಳಲ್ಲ. ಆದರೆ ಇಷ್ಟು ವರ್ಷಗಳ ನಂತರ ಹಿಂತಿರುಗಿ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಕೈಯಲ್ಲಿ ಹಿಡಿದು ಆಡುವ ಗುಂಡಿನಾಟಗಳ ಬಗ್ಗೆ ನಾವು ಕೊಡುವ ತೀರ್ಪಿನಲ್ಲಿ ಆಟದ ಪಾಲು ಕಡಿಮೆ, ಕೈಯ ಪಾಲು ಹೆಚ್ಚು. ಯಾವ ಫೋನು, ಎಷ್ಟು ನೆಟ್‌ವರ್ಕ್, ಹೆಬ್ಬೆರಳು ಎಷ್ಟು ಪಳಗಿದೆ, ಏನು ನಿರೀಕ್ಷಿಸಿ ಕೂತಿದ್ದೆವು ಎಂಬುದೆಲ್ಲ ಸೇರಿ ಒಂದು ನಕ್ಷತ್ರವೋ ಐದು ನಕ್ಷತ್ರವೋ ಆಗುತ್ತದೆ. ಇದು ಬೆಂಗಳೂರಿಗಿಂತ ಗುರುಗುಂಟಾದಂಥ ಊರಿನಲ್ಲಿ ಚೆನ್ನಾಗಿ ಕಾಣುತ್ತದೆ.

ಟಾರ್ಚಿನ ಫೋನಿನಲ್ಲಿ ಯುದ್ಧ

ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ ನಿಜಾಮರ ಕಾಲದಲ್ಲಿ ಒಂದು ಸಂಸ್ಥಾನ. ಸಮೀಪದಲ್ಲೇ ಅಮರೇಶ್ವರನ ಗುಡಿ, ಆಚೆಗೆ ಹಟ್ಟಿ ಚಿನ್ನದ ಗಣಿ, ಇನ್ನೊಂದು ಕಡೆ ಕೃಷ್ಣೆಯ ದಂಡೆಯ ತಿಂಥಣಿ. ಇಂಥ ಊರುಗಳಿಗೆ ವಿಡಿಯೊ ಆಟ ದೊಡ್ಡ ಯಂತ್ರಗಳ ರೂಪದಲ್ಲಿ ಬರಲಿಲ್ಲ. ಪ್ಲೇ ಸ್ಟೇಷನ್ ಕೊಳ್ಳುವ ಮನೆಗಳು ವಿರಳ, ಆಟಕ್ಕೆಂದೇ ಕಂಪ್ಯೂಟರ್ ಇಟ್ಟವರು ಇನ್ನೂ ವಿರಳ. ಇಲ್ಲಿ ಆಟ ಬಂದಿದ್ದೇ ಫೋನಿನ ಬೆನ್ನೇರಿ.

ಮೊದಲು ಬಂದಿದ್ದು ನೋಕಿಯಾ. 2003ರಲ್ಲಿ ಮಾರುಕಟ್ಟೆಗೆ ಬಂದ ನೋಕಿಯಾ 1100 ಜಗತ್ತಿನಾದ್ಯಂತ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ನೆತ್ತಿಯ ಮೇಲೆ ಟಾರ್ಚು, ಧೂಳು ತಡೆಯುವ ರಬ್ಬರ್ ಕೀಲಿಮಣೆ, ಒಮ್ಮೆ ಚಾರ್ಜ್ ಮಾಡಿದರೆ ದಿನಗಟ್ಟಲೆ ಬಾಳುವ ಬ್ಯಾಟರಿ. ಕರೆಂಟು ಬಂದಾಗ ಬಂತು ಎನ್ನುವ ಊರಿಗೆ ಹೇಳಿ ಮಾಡಿಸಿದ ಫೋನು. ಅದರೊಳಗೆ ಎರಡು ಆಟಗಳಿದ್ದವು. ಹಾವಿನ ಆಟ ಎಲ್ಲರಿಗೂ ಗೊತ್ತು. ಇನ್ನೊಂದು ‘ಸ್ಪೇಸ್ ಇಂಪ್ಯಾಕ್ಟ್’. ಅಡ್ಡಕ್ಕೆ 96, ಉದ್ದಕ್ಕೆ 65 ಚುಕ್ಕೆಗಳ ಕಪ್ಪು-ಬಿಳುಪು ಪರದೆಯಲ್ಲಿ ಎಡದಿಂದ ಬಲಕ್ಕೆ ಹಾರುವ ಪುಟ್ಟ ನೌಕೆ, ಎದುರಿಗೆ ಸಾಲುಗಟ್ಟಿ ಬರುವ ಶತ್ರುಗಳು, ಹಂತದ ಕೊನೆಗೆ ಅರ್ಧ ಪರದೆ ನುಂಗುವ ದೊಡ್ಡ ರಾಕ್ಷಸ.

ಅದು ಕಷ್ಟದ ಆಟ. ಎಲ್ಲಿಗೆ ಬಂದು ಸತ್ತೆವೋ ಅಲ್ಲಿಂದಲೇ ಮತ್ತೆ ಶುರು ಮಾಡುವ ಸೌಕರ್ಯ ಇರಲಿಲ್ಲ. ಇದ್ದಷ್ಟು ಜೀವ ಮುಗಿದರೆ ಮೊದಲಿನಿಂದ ಆರಂಭ. ಆದರೂ ಆ ಆಟವನ್ನು ಯಾರೂ ಬೈದಿದ್ದು ನೆನಪಿಲ್ಲ. ಸೋತರೆ ‘ನನಗೆ ಬರಲಿಲ್ಲ’ ಎಂದು ಒಪ್ಪಿಕೊಂಡು ಫೋನನ್ನು ಪಕ್ಕದವನಿಗೆ ಕೊಡುತ್ತಿದ್ದರು. ಕಾರಣ ಸರಳ. ಎಲ್ಲರ ಕೈಯಲ್ಲೂ ಇದ್ದಿದ್ದು ಅದೇ ಫೋನು, ಅದೇ ಗುಂಡಿ, ಅದೇ ವೇಗ. ಗುಂಡಿ ಒತ್ತಿದರೆ ಒತ್ತಿದ್ದು ಬೆರಳಿಗೆ ತಿಳಿಯುತ್ತಿತ್ತು. ಕಷ್ಟ ಎಲ್ಲರಿಗೂ ಸಮನಾಗಿ ಹಂಚಿಹೋಗಿತ್ತು.

ನೂರು ಜನ ಇಳಿದ ದ್ವೀಪ

2016ರ ಸೆಪ್ಟೆಂಬರಿನಲ್ಲಿ ಜಿಯೊ ಶುರುವಾಗಿ ಡೇಟಾ ನೀರಿನಂತೆ ಅಗ್ಗವಾಯಿತು. 2018ರ ಮಾರ್ಚಿನಲ್ಲಿ ಪಬ್‌ಜಿ ಮೊಬೈಲ್ ಬಂತು. ಬ್ರೆಂಡನ್ ಗ್ರೀನ್ ಎಂಬ ಐರ್ಲೆಂಡಿನವರು ಕಂಪ್ಯೂಟರಿಗಾಗಿ ರೂಪಿಸಿದ್ದ ಆಟವನ್ನು ಚೀನಾದ ಟೆನ್ಸೆಂಟ್ ಸಂಸ್ಥೆ ಫೋನಿಗೆ ಇಳಿಸಿತ್ತು. ನೂರು ಜನ ಬರಿಗೈಯಲ್ಲಿ ವಿಮಾನದಿಂದ ಎಂಟು ಕಿಲೊಮೀಟರ್ ಅಗಲ, ಎಂಟು ಕಿಲೊಮೀಟರ್ ಉದ್ದದ ದ್ವೀಪಕ್ಕೆ ಧುಮುಕುತ್ತಾರೆ. ಮನೆ ಮನೆ ಹೊಕ್ಕು ಬಂದೂಕು ಹುಡುಕುತ್ತಾರೆ. ಸುತ್ತಲಿನ ವಲಯ ಕಿರಿದಾಗುತ್ತ ಬರುತ್ತದೆ. ಕೊನೆಗೆ ಉಳಿದವನಿಗೆ ‘ಚಿಕನ್ ಡಿನ್ನರ್’ ಎಂಬ ಗೆಲುವಿನ ಘೋಷಣೆ.

ಇದು ಏಕಾಏಕಿ ಹಬ್ಬಿದ್ದಕ್ಕೆ ಗುಂಡು ಹಾರಿಸುವ ಮೋಜಿಗಿಂತ ದೊಡ್ಡ ಕಾರಣ ಮಾತು. ನಾಲ್ವರ ತಂಡ, ಕಿವಿಗೆ ಇಯರ್‌ಫೋನ್. ಊರಿನಲ್ಲಿ ಉಳಿದವನು, ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋದವನು, ರಾಯಚೂರಿನ ಹಾಸ್ಟೆಲಿನಲ್ಲಿದ್ದವನು ಒಂದೇ ಹೊತ್ತಿಗೆ ಒಂದೇ ದ್ವೀಪದಲ್ಲಿ ಸೇರಬಹುದಿತ್ತು. ‘ಝೋನ್ ಬಂತಲೇ, ಓಡು’, ‘ನಾಕ್ ಆಗೀನಿ, ರಿವೈವ್ ಮಾಡು’ ಎಂಬ ಹೊಸ ಭಾಷೆ ಹುಟ್ಟಿತು. ದುಡಿಮೆ ಹುಡುಕಿಕೊಂಡು ಗುಳೆ ಹೋಗುವ ಸೀಮೆಗೆ ಇದು ಸಣ್ಣ ವಿಷಯವಲ್ಲ.

ಜೊತೆಗೆ ಇನ್ನೊಂದು ಆಟವೂ ಬೆಳೆಯಿತು. ಸಿಂಗಪುರದ ಗರೆನಾ ಸಂಸ್ಥೆಯ ಫ್ರೀ ಫೈರ್. ನೂರರ ಬದಲು ಐವತ್ತು ಜನ, ಹತ್ತು ನಿಮಿಷದಲ್ಲಿ ಆಟ ಮುಕ್ತಾಯ, ಕಡಿಮೆ ಬೆಲೆಯ ಫೋನಿನಲ್ಲೂ ಸಲೀಸು. ಪಬ್‌ಜಿಯವರು ಅದನ್ನು ಮಕ್ಕಳಾಟವೆಂದು ಹೀಗಳೆದರು, ಫ್ರೀ ಫೈರಿನವರು ಪಬ್‌ಜಿಯವರನ್ನು ಶ್ರೀಮಂತರ ಮಕ್ಕಳೆಂದು ಛೇಡಿಸಿದರು. ಆ ಜಗಳವನ್ನು ಕಿವಿಗೊಟ್ಟು ಕೇಳಿದರೆ ಅದು ಆಟಗಳ ನಡುವಿನ ಜಗಳವಲ್ಲ, 2 ಜಿಬಿ ಫೋನಿಗೂ 6 ಜಿಬಿ ಫೋನಿಗೂ ನಡುವಿನದು.

2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿತು. ಮುಂದೆ ಕೊರಿಯಾದ ಕ್ರಾಫ್ಟನ್ ಸಂಸ್ಥೆ 2021ರ ಜುಲೈನಲ್ಲಿ ಅದನ್ನೇ ಬಿಜಿಎಂಐ ಎಂಬ ಹೆಸರಿನಲ್ಲಿ ಮರಳಿ ತಂದಿತು. 2022ರ ಜುಲೈನಲ್ಲಿ ಅದೂ ಅಂಗಡಿಯಿಂದ ಮಾಯವಾಗಿ 2023ರ ಮೇ ತಿಂಗಳಲ್ಲಿ ವಾಪಸಾಯಿತು. ಫ್ರೀ ಫೈರ್ 2022ರ ಫೆಬ್ರುವರಿಯಲ್ಲಿ ನಿಷೇಧವಾಯಿತಾದರೂ ಅದರದೇ ಇನ್ನೊಂದು ರೂಪವಾದ ಫ್ರೀ ಫೈರ್ ಮ್ಯಾಕ್ಸ್ ಉಳಿಯಿತು.

ಒಂದು ಹೆಬ್ಬೆರಳಿಗೆ ಮೂರು ಕೆಲಸ

ಆಡದವರಿಗೆ ಇದೆಲ್ಲ ಪರದೆ ಉಜ್ಜುವ ಕೆಲಸವೆನಿಸುತ್ತದೆ. ಹತ್ತಿರದಿಂದ ನೋಡಿದರೆ ಕಷ್ಟ ಎಲ್ಲಿದೆ ಎಂಬುದು ತಿಳಿಯುತ್ತದೆ.

ಆರೂವರೆ ಇಂಚಿನ ಫೋನನ್ನು ಅಡ್ಡ ಹಿಡಿದರೆ ಅದರ ಎತ್ತರ ಸುಮಾರು ಏಳು ಸೆಂಟಿಮೀಟರ್. ಎರಡೂ ಹೆಬ್ಬೆರಳು ಮೇಲಿಟ್ಟರೆ ಪರದೆಯ ದೊಡ್ಡ ಭಾಗ ಮುಚ್ಚಿಹೋಗುತ್ತದೆ. ಆಟದೊಳಗೆ ದೂರದಲ್ಲಿ ನಿಂತ ಶತ್ರು ಒಂದೆರಡು ಮಿಲಿಮೀಟರಿನಷ್ಟಿರುತ್ತಾನೆ. ಅಂದರೆ ಗುರಿಗಿಂತ ಗುರಿಯಿಡುವ ಬೆರಳು ಎಷ್ಟೋ ಪಟ್ಟು ದಪ್ಪ. ಕಂಪ್ಯೂಟರಿನಲ್ಲಿ ಮೌಸ್ ಇಡೀ ಅಂಗೈಯ ಚಲನೆಯನ್ನು ಬಳಸಿಕೊಳ್ಳುತ್ತದೆ, ಕೈ ಪರದೆಗೆ ಅಡ್ಡ ಬರುವುದಿಲ್ಲ. ಫೋನಿನಲ್ಲಿ ನೋಡುವ ಜಾಗವೂ ಮುಟ್ಟುವ ಜಾಗವೂ ಒಂದೇ.

ಎಡಗೈ ಹೆಬ್ಬೆರಳಿಗೆ ಓಡಾಟದ ಕೆಲಸ. ಬಲಗೈ ಹೆಬ್ಬೆರಳಿಗೆ ಮೂರು: ತಿರುಗಿ ನೋಡುವುದು, ಗುರಿಯಿಡುವುದು, ಗುಂಡು ಹಾರಿಸುವುದು. ಶತ್ರು ಬಲಕ್ಕೆ ಓಡುತ್ತಿದ್ದಾನೆ ಎಂದುಕೊಳ್ಳಿ. ಬೆರಳನ್ನು ಸರಿಸುತ್ತ ಅವನನ್ನು ಹಿಂಬಾಲಿಸಬೇಕು, ಅದೇ ಬೆರಳನ್ನು ಎತ್ತಿ ಫೈರ್ ಗುಂಡಿ ಒತ್ತಬೇಕು. ಎತ್ತಿದ ಕ್ಷಣ ಹಿಂಬಾಲಿಸುವುದು ನಿಲ್ಲುತ್ತದೆ. ಗುಂಡು ಹಾರತೊಡಗಿದರೆ ಬಂದೂಕಿನ ಮೂತಿ ಮೇಲಕ್ಕೇರುತ್ತದೆ. ಅದನ್ನು ಕೆಳಕ್ಕೆಳೆಯುವ ಹೊಣೆಯೂ ಅದೇ ಬೆರಳಿನದು. ಪರದೆಯ ಎಡಭಾಗದಲ್ಲಿ ಇನ್ನೊಂದು ಫೈರ್ ಗುಂಡಿ ಯಾಕಿದೆ ಎಂದು ಹೊಸಬರು ಕೇಳುವುದುಂಟು. ಬಲಗೈ ಬೆರಳಿನ ಹೊರೆ ಇಳಿಸಲೆಂದೇ ಅದನ್ನಿಟ್ಟಿದ್ದಾರೆ.

ಇದಕ್ಕೆ ಆಟಗಾರರೇ ಕಂಡುಕೊಂಡ ಉಪಾಯ ‘ಕ್ಲಾ’ ಹಿಡಿತ. ತೋರುಬೆರಳುಗಳನ್ನು ಏಡಿಯ ಕೊಂಡಿಯಂತೆ ಬಗ್ಗಿಸಿ ಫೋನಿನ ಮೇಲಂಚಿನಿಂದ ಒಳಗಿಳಿಸುವುದು. ಹೆಬ್ಬೆರಳು ನಡೆಗೂ ನೋಟಕ್ಕೂ, ತೋರುಬೆರಳು ಗುಂಡಿಗೂ ಸ್ಕೋಪಿಗೂ. ನಾಲ್ಕು ಬೆರಳಿನ ಈ ಆಟ ಕಲಿಯಲು ವಾರಗಟ್ಟಲೆ ಬೇಕು. ಮೊದಮೊದಲು ಕಿರುಬೆರಳಿನ ಮೇಲೆ ಫೋನಿನ ಭಾರ ಬಿದ್ದು ನೋವು ಬರುತ್ತದೆ, ಮಣಿಕಟ್ಟು ಹಿಡಿದುಕೊಳ್ಳುತ್ತದೆ. ಇನ್ನೊಂದು ದಾರಿ ಗೈರೊ. ಫೋನನ್ನೇ ಕೂದಲೆಳೆಯಷ್ಟು ವಾಲಿಸಿ ಗುರಿ ತಿದ್ದುವುದು. ಬೆರಳು ಗುಂಡು ಹಾರಿಸುತ್ತಿರುವಾಗ ಮಣಿಕಟ್ಟು ಗುರಿ ನೋಡಿಕೊಳ್ಳುತ್ತದೆ. ಗೈರೊ ಒಲಿದವನ ಕೈಗೆ ಸಿಕ್ಕರೆ ಉಳಿಗಾಲವಿಲ್ಲ ಎಂಬುದು ಆಡುವವರೆಲ್ಲರ ಅನುಭವ.

ಬೆರಳಿಗೆ ಇಷ್ಟು ಕಷ್ಟವಿರುವುದು ಆಟ ಕಟ್ಟುವವರಿಗೂ ಗೊತ್ತು. ಹಾಗಾಗಿಯೇ ಗುರಿ ಶತ್ರುವಿನ ಹತ್ತಿರ ಬಂದಾಗ ಅದನ್ನು ಮೆಲ್ಲಗೆ ಅವನೆಡೆಗೆ ಎಳೆಯುವ ‘ಏಮ್ ಅಸಿಸ್ಟ್’ ಒಳಗೇ ಅಡಗಿರುತ್ತದೆ. ಫ್ರೀ ಫೈರಿನಲ್ಲಿ ಈ ಸೆಳೆತ ಬಲವಾಗಿದೆ. ಫೈರ್ ಗುಂಡಿಯನ್ನು ಒತ್ತಿ ಮೇಲಕ್ಕೆ ಜಗ್ಗಿದರೆ ಗುಂಡು ತಲೆಗೇ ಹೋಗುವ ‘ಡ್ರ್ಯಾಗ್ ಹೆಡ್‌ಶಾಟ್’ ಆ ಆಟದ ವಿದ್ಯೆ. ಪಬ್‌ಜಿಯಲ್ಲಿ ಹೊಸಬರು ಮೊದಲ ದಿನಗಳಲ್ಲಿ ಸಾಲಾಗಿ ಗೆಲ್ಲುವುದಕ್ಕೂ ಒಳಗುಟ್ಟಿದೆ. ಎದುರಿಗೆ ಬರುವ ಬಹುಪಾಲು ಮಂದಿ ಮನುಷ್ಯರಲ್ಲ, ಸಾಯಲೆಂದೇ ಓಡಾಡುವ ಬಾಟ್‌ಗಳು. ‘ಈ ಆಟ ಭಾಳ ಸರಳ ಐತಿ’ ಎಂಬ ಮೊದಲ ವಾರದ ಅಭಿಪ್ರಾಯ ಮೂರನೇ ವಾರಕ್ಕೆ ಉಲ್ಟಾ ಹೊಡೆಯುವುದು ಇದರಿಂದಲೇ.

ಸೊಟ್ಟ ನಳಿಗೆ

ಅಮರೇಶ್ವರನ ಜಾತ್ರೆಯಲ್ಲಿ, ಹಾಗೆ ನೋಡಿದರೆ ಯಾವ ಜಾತ್ರೆಯಲ್ಲಾದರೂ, ಬಲೂನಿಗೆ ಗುಂಡು ಹೊಡೆಯುವ ಅಂಗಡಿ ಇರುತ್ತದೆ. ಅಲ್ಲಿನ ಏರ್‌ಗನ್ನಿನ ನಳಿಗೆ ಸ್ವಲ್ಪ ಸೊಟ್ಟ, ಗುರಿಕಡ್ಡಿ ಇನ್ನೂ ಸೊಟ್ಟ. ಕೆಂಪು ಬಲೂನಿಗೆ ಗುರಿಯಿಟ್ಟರೆ ಪಕ್ಕದ ಹಳದಿ ಒಡೆಯುತ್ತದೆ. ಬಲ್ಲವರು ಮೊದಲ ಗುಂಡನ್ನು ಗೆಲ್ಲಲು ಹೊಡೆಯುವುದಿಲ್ಲ, ಬಂದೂಕು ಎತ್ತ ಎಳೆಯುತ್ತದೆ ಎಂದು ತಿಳಿಯಲು ಹೊಡೆಯುತ್ತಾರೆ.

ಅಗ್ಗದ ಫೋನು ಇಂಥ ಸೊಟ್ಟ ನಳಿಗೆಯ ಬಂದೂಕು. ಎಷ್ಟೋ ಕಡಿಮೆ ಬೆಲೆಯ ಫೋನುಗಳಲ್ಲಿ ಗೈರೊ ಸಂವೇದಕವೇ ಇರುವುದಿಲ್ಲ. ಅಂದರೆ ಗುರಿ ತಿದ್ದುವ ಅತ್ಯುತ್ತಮ ವಿದ್ಯೆ ಆ ಆಟಗಾರನಿಗೆ ಶುರುವಿಗೇ ಮುಚ್ಚಿದ ಬಾಗಿಲು. ಕೆಲವು ಪರದೆಗಳು ಒಮ್ಮೆಗೇ ಎರಡಕ್ಕಿಂತ ಹೆಚ್ಚು ಬೆರಳನ್ನು ಸರಿಯಾಗಿ ಗುರುತಿಸುವುದಿಲ್ಲ. ಅಂಥ ಫೋನಿನಲ್ಲಿ ನಾಲ್ಕು ಬೆರಳಿನ ಹಿಡಿತ ಕಲಿತೂ ಪ್ರಯೋಜನವಿಲ್ಲ. ಸೆಕೆಂಡಿಗೆ 30 ಚಿತ್ರ ತೋರಿಸುವ ಫೋನಿನಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ 33 ಮಿಲಿಸೆಕೆಂಡ್ ಅಂತರ. 90 ತೋರಿಸುವ ಫೋನಿನಲ್ಲಿ ಅದು ಬರೀ 11. ಗೋಡೆಯ ಮರೆಯಿಂದ ಹೊರಬಂದ ಶತ್ರು ದುಬಾರಿ ಫೋನಿನವನಿಗೆ ಮೊದಲು ಕಾಣುತ್ತಾನೆ.

ಆಮೇಲೆ ನೆಟ್‌ವರ್ಕ್. ಪರದೆಯ ಮೂಲೆಯಲ್ಲಿ ಪಿಂಗ್ ಸಂಖ್ಯೆ ಹಸಿರಿದ್ದರೆ ಸರಿ, ಕೆಂಪಾದರೆ ಮುಗಿಯಿತು. ಸುದ್ದಿ ಸರ್ವರಿಗೆ ಹೋಗಿ ಬರುವ ಹೊತ್ತೇ ಪಿಂಗ್. ಅದಕ್ಕೆ 150 ಮಿಲಿಸೆಕೆಂಡ್ ಹಿಡಿಯಿತು ಎನ್ನೋಣ. ಸೆಕೆಂಡಿಗೆ ಆರು ಮೀಟರ್ ಓಡುವ ಶತ್ರು ಅಷ್ಟರಲ್ಲಿ 90 ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ. ನಿಮ್ಮ ಪರದೆಯಲ್ಲಿ ಅವನ ಎದೆಗೆ ಬಿದ್ದ ಗುಂಡು ಸರ್ವರಿನ ಲೆಕ್ಕದಲ್ಲಿ ಗಾಳಿಗೆ ಬಿದ್ದಿರಬಹುದು. ಗೋಡೆಯ ಹಿಂದೆ ಸೇರಿಕೊಂಡ ಮೇಲೂ ಸತ್ತೆ ಎಂದು ಹುಡುಗರು ದೂರುವುದು ಇದನ್ನೇ. ಅವರು ಸುಳ್ಳು ಹೇಳುತ್ತಿಲ್ಲ. ಅವರ ಫೋನು ಹೇಳುವ ವರ್ತಮಾನಕ್ಕೂ ಸರ್ವರಿನ ವರ್ತಮಾನಕ್ಕೂ ತಾಳೆಯಿಲ್ಲ, ಅಷ್ಟೆ. ಇದಕ್ಕೆಂದೇ ಸಿಗ್ನಲ್ ಹಿಡಿಯುವ ಜಾಗ ಹುಡುಕಿ ಮಾಳಿಗೆ ಹತ್ತುವವರು, ಊರ ಹೊರಗಿನ ಕಟ್ಟೆಗೆ ಹೋಗಿ ಕೂರುವವರು ಇದ್ದಾರೆ.

ಮೂರನೆಯದು ಬಿಸಿಲು. ರಾಯಚೂರು ಜಿಲ್ಲೆಯ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಉಷ್ಣಾಂಶ 40 ಡಿಗ್ರಿ ದಾಟುವುದು ಹೊಸತಲ್ಲ. ಶಾಲೆ, ಕಾಲೇಜಿಗೆ ರಜೆ ಇರುವುದೂ ಆಗಲೇ. ಆಟದ ಒತ್ತಡಕ್ಕೆ ಫೋನಿನ ಚಿಪ್ ತಾನೇ ಬಿಸಿಯಾಗುತ್ತದೆ. ಹೊರಗಿನ ಗಾಳಿಯೂ ಬಿಸಿಯಿದ್ದರೆ ಆ ಶಾಖ ಹೋಗಲು ಜಾಗವಿಲ್ಲ. ಆಗ ಫೋನು ತನ್ನನ್ನು ಉಳಿಸಿಕೊಳ್ಳಲು ಚಿಪ್ಪಿನ ವೇಗ ಇಳಿಸುತ್ತದೆ, ಪರದೆಯ ಬೆಳಕು ತಗ್ಗಿಸುತ್ತದೆ. ಆಟ ತೆವಳತೊಡಗುತ್ತದೆ. ಬೆವರಿದ ಬೆರಳು ಗಾಜಿಗೆ ಅಂಟಿ ತಡವರಿಸುತ್ತದೆ. ಒದ್ದೆ ಚರ್ಮವನ್ನು ಪರದೆ ತಪ್ಪಾಗಿ ಓದುತ್ತದೆ. ಅದಕ್ಕೆ ಕೆಲವರು ಅಂಗೈಗೆ ಪೌಡರ್ ಹಚ್ಚಿಕೊಳ್ಳುತ್ತಾರೆ, ಕೆಲವರು ಹೆಬ್ಬೆರಳಿಗೆ ತೆಳು ಬಟ್ಟೆಯ ಕವಚ ತೊಡುತ್ತಾರೆ. ಇನ್ನು ಕೆಲವರು ಫೋನನ್ನು ಫ್ಯಾನಿನ ಎದುರು ಹಿಡಿದು ತಣಿಸಿ ಮತ್ತೆ ಕೂರುತ್ತಾರೆ.

ಇಷ್ಟೆಲ್ಲ ಆದ ಮೇಲೆ ಆಟಗಾರ ಆಟಕ್ಕೆ ಒಂದು ನಕ್ಷತ್ರ ಕೊಟ್ಟು ‘ಲ್ಯಾಗ್ ಗೇಮ್’ ಎಂದು ಬರೆಯುತ್ತಾನೆ. ಆ ಒಂದು ನಕ್ಷತ್ರದಲ್ಲಿ ಫೋನಿನ ಬೆಲೆ, ಟವರಿನ ದೂರ, ಮೇ ತಿಂಗಳ ಬಿಸಿಲು ಎಲ್ಲ ಕೂಡಿಕೊಂಡಿರುತ್ತವೆ. ಓದುವವರಿಗೆ ಅದು ತಿಳಿಯುವುದಿಲ್ಲ.

ನಿಂಟೆಂಡೊದ ಕೊಪ್ಪರಿಗೆ

ಕೈ ಮತ್ತು ಆಟದ ಈ ಜಗಳ ನಮ್ಮೂರಿನದಷ್ಟೇ ಅಲ್ಲ. 2012ರ ಮಾರ್ಚಿನಲ್ಲಿ ನಿಂಟೆಂಡೊ 3ಡಿಎಸ್ ಎಂಬ ಕೈಯಾಟದ ಯಂತ್ರಕ್ಕೆ ‘ಕಿಡ್ ಇಕರಸ್: ಅಪ್‌ರೈಸಿಂಗ್’ ಬಂತು. ಕಿರ್ಬಿ, ಸೂಪರ್ ಸ್ಮ್ಯಾಶ್ ಬ್ರದರ್ಸ್ ಆಟಗಳಿಂದ ಹೆಸರಾದ ಮಸಾಹಿರೊ ಸಕುರಾಯ್ ಅದರ ನಿರ್ದೇಶಕರು. ರೆಕ್ಕೆಯ ಹುಡುಗನೊಬ್ಬ ಬಹುತೇಕ ಅಧ್ಯಾಯಗಳಲ್ಲಿ ಮೊದಲು ಆಕಾಶದಲ್ಲಿ ಹಾರುತ್ತ, ಆಮೇಲೆ ನೆಲಕ್ಕಿಳಿದು ಗುಂಡು ಹಾರಿಸುವ ಕಥೆ. ವಿಚಿತ್ರ ಇರುವುದು ಅದನ್ನು ಆಡುವ ರೀತಿಯಲ್ಲಿ. ಎಡಗೈ ಹೆಬ್ಬೆರಳಿನಿಂದ ನಡೆ, ಎಡ ತೋರುಬೆರಳಿನಿಂದ ಗುಂಡು, ಬಲಗೈಯಲ್ಲಿ ಕಡ್ಡಿ ಹಿಡಿದು ಕೆಳಗಿನ ಪರದೆಯ ಮೇಲೆ ಗುರಿ. ಇಡೀ ಯಂತ್ರದ ಭಾರ ಎಡಗೈ ಒಂದರ ಮೇಲೆ. ಕೈ ಸೋಲುತ್ತದೆಂದು ಕಂಪನಿಗೇ ಗೊತ್ತಿತ್ತು. ಯಂತ್ರವನ್ನು ಮೇಜಿನ ಮೇಲೆ ನಿಲ್ಲಿಸಲು ಪೆಟ್ಟಿಗೆಯೊಳಗೇ ಪ್ಲಾಸ್ಟಿಕ್ ನಿಲುವನ್ನು ಇಟ್ಟು ಮಾರಿತು. ಕೈಯಲ್ಲಿ ಹಿಡಿದು ಆಡಬೇಕಾದ ಆಟಕ್ಕೆ ಮೇಜು ಬೇಕಾಯಿತು!

ಅಭಿಪ್ರಾಯ ಎರಡಾಗಿ ಸೀಳಿತು. ಜಪಾನಿನ ಫಾಮಿತ್ಸು ಪತ್ರಿಕೆ ನಲವತ್ತಕ್ಕೆ ನಲವತ್ತು ಕೊಟ್ಟಿತು. ಪಶ್ಚಿಮದ ವಿಮರ್ಶಕರಲ್ಲಿ ಎಷ್ಟೋ ಮಂದಿ ಆಟವನ್ನು ಹೊಗಳುತ್ತಲೇ ಕೈ ನೋಯುತ್ತದೆಂದು ಅಂಕ ಕಡಿದರು. ಇವತ್ತಿಗೂ ಅದರ ಬಗ್ಗೆ ಮಾತು ಬಂದರೆ ಅರ್ಧ ಜನ ಕಥೆಯ ಹಾಸ್ಯವನ್ನು ನೆನೆಯುತ್ತಾರೆ, ಉಳಿದರ್ಧ ಮಣಿಕಟ್ಟನ್ನು ಒತ್ತಿಕೊಳ್ಳುತ್ತಾರೆ.

ಅದೇ ಆಟದಲ್ಲಿ ಇನ್ನೊಂದು ಕಷ್ಟವೂ ಇತ್ತು, ಅದನ್ನು ಯಾರೂ ದೂರಲಿಲ್ಲ. ಪ್ರತಿ ಅಧ್ಯಾಯ ಶುರುವಾಗುವ ಮೊದಲು ಒಂದು ಕೊಪ್ಪರಿಗೆ ಕಾಣಿಸುತ್ತದೆ. ಗಳಿಸಿದ ‘ಹೃದಯ’ಗಳನ್ನು ಅದರೊಳಗೆ ಪಣವಿಟ್ಟು ಆಟ ಎಷ್ಟು ಕಠಿಣವಿರಬೇಕೆಂದು ಸೊನ್ನೆಯಿಂದ ಒಂಬತ್ತರವರೆಗೆ ಆಟಗಾರನೇ ಆರಿಸಿಕೊಳ್ಳಬೇಕು. ಹೆಚ್ಚು ಕಷ್ಟಕ್ಕೆ ಹೆಚ್ಚು ಬಹುಮಾನ. ನಡುವೆ ಸತ್ತರೆ ಪಣದ ಒಂದಷ್ಟು ಪಾಲು ಹೋಗುತ್ತದೆ, ಕಷ್ಟದ ಮಟ್ಟವೂ ತಾನಾಗಿ ಕೆಳಗಿಳಿಯುತ್ತದೆ. ಹಾಗಾಗಿ ಸೋತವನಿಗೆ ಬೈಯಲು ತನ್ನನ್ನು ಬಿಟ್ಟು ಬೇರೆ ಯಾರೂ ಇಲ್ಲ. ತಾನೇ ಆರಿಸಿಕೊಂಡ ಕಷ್ಟವನ್ನು ಮನುಷ್ಯ ಸಹಿಸುತ್ತಾನೆ, ಮಣಿಕಟ್ಟಿಗೆ ಕೇಳದೆ ಬಂದು ಬಿದ್ದ ಕಷ್ಟವನ್ನಲ್ಲ. ಒಂದೇ ಆಟ ಎರಡನ್ನೂ ಒಟ್ಟಿಗೆ ತೋರಿಸಿಕೊಟ್ಟಿದ್ದರಿಂದ ಅದು ಗುಂಡಿನಾಟಗಳ ಚರಿತ್ರೆಯಲ್ಲಿ ಒಳ್ಳೆಯ ಸಾಕ್ಷಿ.

ಸರಿಯಾದ ಉತ್ತರ, ತಪ್ಪಾದ ಫಲಕ

ಈಗ ಫೌ-ಜಿಯನ್ನು ನೋಡಿ. 2020ರ ಜೂನ್ 15ರ ರಾತ್ರಿ ಗಾಲ್ವಾನ್ ಕಣಿವೆಯಲ್ಲಿ ನಡೆದ ಸಂಘರ್ಷದಲ್ಲಿ ಭಾರತದ 20 ಯೋಧರು ಹುತಾತ್ಮರಾದರು. ವಾಸ್ತವ ನಿಯಂತ್ರಣ ರೇಖೆಯಿಂದ ಎರಡು ಕಿಲೊಮೀಟರ್ ಒಳಗೆ ಗುಂಡು ಹಾರಿಸಬಾರದೆಂದು 1996ರಲ್ಲಿ ಎರಡು ದೇಶಗಳು ಒಪ್ಪಂದ ಮಾಡಿಕೊಂಡಿದ್ದವು. ಹಾಗಾಗಿ ಆ ರಾತ್ರಿಯ ಕಾಳಗ ನಡೆದಿದ್ದು ದೊಣ್ಣೆ, ಕಲ್ಲು, ಮೊಳೆ ಬಡಿದ ಸಲಾಕೆಗಳಲ್ಲಿ. ಆಟದ ಮೊದಲ ಭಾಗವೇ ಗಾಲ್ವಾನ್ ಕಣಿವೆಯದ್ದಾದ್ದರಿಂದ ಬಂದೂಕು ಇಲ್ಲದಿರುವುದು ಘಟನೆಗೆ ನಿಷ್ಠವಾಗಿತ್ತು.

ಕೈಯ ದೃಷ್ಟಿಯಿಂದ ನೋಡಿದರೆ ಅದರಲ್ಲಿ ಇನ್ನೊಂದು ಜಾಣತನವೂ ಇತ್ತು. ಅದು ಬೇಕೆಂದು ಮಾಡಿದ್ದೋ ಅಲ್ಲವೋ, ಫಲ ಒಂದೇ. ಗಾಜಿನ ಮೇಲೆ ಅತಿ ಕಷ್ಟದ ಕೆಲಸ ದೂರದ ಗುರಿಯಿಡುವುದು. ಬಂದೂಕು ತೆಗೆದರೆ ಆ ಕಷ್ಟ ಪೂರ್ತಿ ಹೋಯಿತು. ಮೈಮೇಲೆ ಬಿದ್ದು ಹೊಡೆದಾಡುವಾಗ ಶತ್ರು ಪರದೆಯ ತುಂಬ ಇರುತ್ತಾನೆ, ಹೆಬ್ಬೆರಳು ಅವನಿಗಿಂತ ದಪ್ಪವಲ್ಲ. ಹೊಡೆ, ತಡೆ ಎಂಬ ಗುಂಡಿಗಳಿಗೆ ಗೈರೊ ಬೇಡ, ನಾಲ್ಕು ಬೆರಳು ಬೇಡ. ಮೊದಲ ರೂಪದಲ್ಲಿ ಒಬ್ಬನೇ ಆಡುವ ಆಟವಾದ್ದರಿಂದ ಎದುರಾಳಿಯ ಪಿಂಗಿನ ಜೊತೆ ಪೈಪೋಟಿಯೂ ಇಲ್ಲ. ಸೊಟ್ಟ ನಳಿಗೆಯ ಫೋನಿಗೆ ಇದಕ್ಕಿಂತ ಹೊಂದುವ ವಿನ್ಯಾಸ ಬೇರೆ ಯಾವುದಿತ್ತು?

ಆದರೂ ಯಾಕೆ ಬಿತ್ತು? ಎರಡು ಕಾರಣ. ಮೊದಲನೆಯದು ಫಲಕ. ಪಬ್‌ಜಿ ನಿಷೇಧವಾದ ಎರಡೇ ದಿನಕ್ಕೆ, 2020ರ ಸೆಪ್ಟೆಂಬರ್ 4ರಂದು, ನಟ ಅಕ್ಷಯ್ ಕುಮಾರ್ ಈ ಆಟವನ್ನು ಘೋಷಿಸಿದರು. ಹೆಸರಿನ ಪ್ರಾಸವೂ ಹಾಗೇ ಇತ್ತು. ದೇಶ ಅದನ್ನು ಪಬ್‌ಜಿಯ ಉತ್ತರಾಧಿಕಾರಿಯೆಂದು ತಿಳಿಯಿತು. ನಿವ್ವಳ ಆದಾಯದ ಶೇ 20ರಷ್ಟು ‘ಭಾರತ್ ಕೆ ವೀರ್’ ನಿಧಿಗೆ ಹೋಗುತ್ತದೆಂಬ ಮಾತು ಅಭಿಮಾನವನ್ನು ಇನ್ನಷ್ಟು ಏರಿಸಿತು. ನೂರು ಜನ, ನಾಲ್ವರ ತಂಡ, ಕಿವಿಯಲ್ಲಿ ಗೆಳೆಯರ ಧ್ವನಿ ಬಯಸಿದವನಿಗೆ ಒಬ್ಬಂಟಿ ಕಣಿವೆ ಸಿಕ್ಕಿತು. ಗುಳೆ ಹೋದ ಗೆಳೆಯನ ಜೊತೆ ಹರಟಲು ಬಂದವನಿಗೆ ಬೆಂಕಿಯ ಪಕ್ಕ ಒಬ್ಬನೇ ಕೂರುವ ಆಟ ಹಿಡಿಸುವುದು ಹೇಗೆ?

ಎರಡನೆಯದು ಆಟದ್ದೇ ದೋಷ. ಬಂದೂಕನ್ನು ತೆಗೆದವರು ಆ ಖಾಲಿ ಜಾಗದಲ್ಲಿ ಬೇರೆ ಕಷ್ಟವನ್ನು ತುಂಬಲಿಲ್ಲ. ಅದೇ ಹೊಡೆತ, ಅದೇ ತಡೆ, ಅದೇ ಥರದ ಶತ್ರು, ಸ್ವಲ್ಪ ಮುಂದೆ ಮತ್ತೆ ಅದೇ. ಕೈಗೆ ಸುಲಭವಾಯಿತು, ತಲೆಗೂ ಸುಲಭವಾಗಿಬಿಟ್ಟಿತು. ಕಲಿಯಲು ಏನೂ ಇಲ್ಲದ ಆಟವನ್ನು ಎರಡನೇ ದಿನ ಯಾರೂ ತೆರೆಯುವುದಿಲ್ಲ. ಮೂರು ನಕ್ಷತ್ರ ಕೊಟ್ಟವರು ಈ ಕಾರಣಕ್ಕೆ ಕೊಟ್ಟಿದ್ದರೆ ಅದು ನ್ಯಾಯವಾದ ತೀರ್ಪು. ಬಂದೂಕಿಲ್ಲ ಎಂಬ ಕಾರಣಕ್ಕೆ ಕೊಟ್ಟಿದ್ದರೆ ಅಲ್ಲ. ಸಂಸ್ಥೆ ಮಾತ್ರ ಜನರ ಸಿಟ್ಟನ್ನು ಎರಡನೇ ಅರ್ಥದಲ್ಲೇ ಓದಿಕೊಂಡಿತು. 2021ರ ಜೂನಿನಲ್ಲಿ ಬಂದೂಕು ಹಿಡಿದ ಐವರು ಐವರ ವಿರುದ್ಧ ಆಡುವ ಭಾಗವನ್ನು ಪರೀಕ್ಷೆಗೆ ಬಿಟ್ಟಿತು. 2025ರಲ್ಲಿ ಡಾಟ್9 ಗೇಮ್ಸ್ ತಯಾರಿಸಿ ಎನ್‌ಕೋರ್ ಹೊರತಂದ ‘ಫೌ-ಜಿ: ಡಾಮಿನೇಷನ್’ ಪೂರ್ತಿ ಬಂದೂಕಿನ ಆಟವೇ ಆಯಿತು. ಎಲ್ಲಕ್ಕಿಂತ ಬೇರೆಯಾಗಿದ್ದ ಒಂದು ಯೋಚನೆ ಅಲ್ಲಿಗೆ ಮುಗಿಯಿತು.

ದೊಡ್ಡವರ ಅಭಿಪ್ರಾಯ

ಮನೆಯ ಹಿರಿಯರಿಗೂ ಈ ಆಟಗಳ ಬಗ್ಗೆ ಅಭಿಪ್ರಾಯವಿದೆ, ಅದು ಬಹುಪಾಲು ಒಂದೇ: ಹುಡುಗ ಹಾಳಾದ. ಹೊತ್ತು ಮೀರಿ ಆಡಿ ನಿದ್ದೆಗೆಡುವುದು, ಪರೀಕ್ಷೆ ಬಿಡುವುದು ನಿಜವಾದ ಸಮಸ್ಯೆ. ಬಿಜಿಎಂಐ ಭಾರತಕ್ಕೆ ಬರುವಾಗ 18ರ ಒಳಗಿನವರಿಗೆ ಪೋಷಕರ ಒಪ್ಪಿಗೆ, ದಿನಕ್ಕೆ ಮೂರು ಗಂಟೆಯ ಮಿತಿ, ಖರ್ಚಿಗೆ ಮಿತಿ ಎಲ್ಲ ಹಾಕಿಕೊಂಡೇ ಬಂತು. ಆದರೆ ಅಪ್ಪನ ಹೆಸರಿನ ಫೋನಿನಲ್ಲಿ ಆಡುವ ಹುಡುಗನ ವಯಸ್ಸು ಯಂತ್ರಕ್ಕೆ ಹೇಗೆ ತಿಳಿಯಬೇಕು?

ಒಂದು ಗೊಂದಲವನ್ನಂತೂ ಬಿಡಿಸಿಕೊಳ್ಳಬೇಕು. ಗುಂಡಿನಾಟ ಬೇರೆ, ದುಡ್ಡಿನಾಟ ಬೇರೆ. ರಾಜ್ಯ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ತಡೆಯಲು ಹೊರಟಿದ್ದು ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು. ಅದರ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ಹಣದ ಆಟಗಳನ್ನು ನಿಷೇಧಿಸಿ ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿದೆ. ಮಗ ಫೋನು ಹಿಡಿದು ಕೂತಿದ್ದಾನೆಂದರೆ ಅವನು ಗುರಿಯಿಡುತ್ತಿದ್ದಾನೋ ಸಾಲ ಮಾಡುತ್ತಿದ್ದಾನೋ ಎಂದು ಮೊದಲು ಕೇಳಿ ತಿಳಿಯುವುದು ಒಳ್ಳೆಯದು.

ಆನಿಮೇಷನ್ ಮತ್ತು ಗೇಮಿಂಗ್‌ಗೆ 2012ರಲ್ಲೇ ಪ್ರತ್ಯೇಕ ನೀತಿ ಮಾಡಿದ ರಾಜ್ಯ ನಮ್ಮದು. ಆಟ ಕಟ್ಟುವ ಕೌಶಲಕ್ಕೆ ಬೆಂಗಳೂರಿನಲ್ಲಿ ಕೊರತೆಯಿಲ್ಲ. ಕೊರತೆ ಇರುವುದು ಆಡುವವನ ಕೈಯ ತಿಳಿವಳಿಕೆಯಲ್ಲಿ. ಮುಂದೊಮ್ಮೆ ಇಲ್ಲಿನ ಯಾರಾದರೂ ಗುಂಡಿನಾಟ ಕಟ್ಟಿದರೆ, ಬಂದೂಕು ಇರಲಿ ಬಿಡಲಿ, ಬಿಡುಗಡೆಗೆ ಮುನ್ನ ಗೈರೊ ಇಲ್ಲದ ಎಂಟು ಸಾವಿರ ರೂಪಾಯಿಯ ಫೋನಿಗೆ ಹಾಕಿಕೊಂಡು ಮೇ ತಿಂಗಳ ಮಧ್ಯಾಹ್ನ ಗುರುಗುಂಟಾದ ಬಸ್ ನಿಲ್ದಾಣದಲ್ಲಿ ಒಂದು ಗಂಟೆ ಆಡಿಸಲಿ. ಅಲ್ಲಿ ಕೂತ ಹುಡುಗರು ‘ಇದು ಕಷ್ಟ ಐತಿ, ಆದ್ರ ಇನ್ನೊಂದ್ಸಲ ಆಡ್ತೀನಿ’ ಎಂದರೆ ಆಟ ಗೆದ್ದಂತೆ. ‘ಫೋನ್ ಬಿಸಿ ಆತು’ ಎಂದು ಕೆಳಗಿಟ್ಟರೆ, ಎಷ್ಟು ಕೋಟಿಯ ಪ್ರಚಾರವೂ ಅದನ್ನು ಮತ್ತೆ ಅವರ ಕೈಗೆತ್ತಿ ಕೊಡಲಾರದು.